ಎಸಿ ಮಿಸ್ತ್ರಿಯನ್ನು ಆರಿಸುವ ಕೈಪಿಡಿ (ರಾಯಚೂರು ಆವೃತ್ತಿ)

ಈ ಕೈಪಿಡಿ ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ಹಳೆಯ ಎಸಿ ಕಳಚಿ ಹೊಸದು ಕೂರಿಸುವವರಿಗೆ ಮಾತ್ರ. ಬೆಂಗಳೂರಿನವರು ಮನರಂಜನೆಗೆ ಓದಬಹುದು.

ಮುಹೂರ್ತ: ಶಿವರಾತ್ರಿಗೆ ಮೊದಲು. ಯುಗಾದಿ ದಾಟಿ ಬಿಸಿಲು 40 ಡಿಗ್ರಿ ಮುಟ್ಟಿದ ಮೇಲೆ ನೀವು ಮಿಸ್ತ್ರಿಯನ್ನು ಆರಿಸುವುದಿಲ್ಲ, ಅವನೇ ನಿಮ್ಮನ್ನು ಆರಿಸುತ್ತಾನೆ. ರಾಯಚೂರಿನಿಂದ ಫೋನು ಮಾಡಿದರೆ 'ಮಾನ್ವಿಯಾಗ ಅದೀನ್ರಿ, ಸಂಜೀಕ ಬರ್ತೀನಿ' ಅನ್ನುತ್ತಾನೆ. ಮಾನ್ವಿಯವರು ಮಾಡಿದರೆ ದೇವದುರ್ಗದಲ್ಲಿರುತ್ತಾನೆ. ದೇವದುರ್ಗದವರಿಗೆ ಸಿಕ್ಕಾಗ ರಾಯಚೂರಿನ ತೀನ್ ಕಂದೀಲಿನ ಹತ್ತಿರ ಸಾಮಾನು ಕೊಳ್ಳುತ್ತಿರುತ್ತಾನೆ. ಯಾವ ಸಂಜೆ ಎಂದು ಕೇಳುವ ರೂಢಿಯಿಲ್ಲ.

ಬಂದವನು ಬಾಗಿಲಲ್ಲೇ ನಿಂತು 'ಒಂದೂವರೆ ಟನ್ ಹಾಕೂಣ್ರಿ' ಅಂದರೆ ಚಹಾ ಕೊಟ್ಟು ಕಳಿಸಿಬಿಡಿ. ಟನ್ ಎಂಬುದು ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆ 24 ತಾಸಿನಲ್ಲಿ ಕರಗುವಾಗ ಹೀರುವ ಶಾಖದ ಲೆಕ್ಕ ಅದು, ಸುಮಾರು 3.5 ಕಿಲೋವ್ಯಾಟ್. ಒಂದೂವರೆ ಟನ್ ಸಾಕೋ ಸಾಲದೋ ಎಂದು ತಿಳಿಯಲು ಕೋಣೆಯ ಒಳಗೆ ಕಾಲಿಡಬೇಕು, ಟೇಪು ಹಿಡಿಯಬೇಕು, ಪಶ್ಚಿಮದ ಗೋಡೆ ಯಾವುದೆಂದು ಕೇಳಬೇಕು. ನೆತ್ತಿಯ ಮೇಲೆ ಇನ್ನೊಂದು ಮಹಡಿ ಇದೆಯೋ, ದಿನವಿಡೀ ಕಾದ ಸ್ಲ್ಯಾಬೇ ಇದೆಯೋ ನೋಡಬೇಕು. ಮಣ್ಣಿನ ಮಾಳಿಗೆಯ ಮನೆಯಲ್ಲಿ ಮಲಗಿದ್ದ ನಮ್ಮ ಹಿರಿಯರಿಗೆ ಈ ಯಾವ ಪ್ರಶ್ನೆಯೂ ಬೇಕಿರಲಿಲ್ಲ. ಅದನ್ನು ಕೆಡವಿ ಆರ್‌ಸಿಸಿ ಹಾಕಿಸಿದವರು ನಾವೇ.

ಆಮೇಲೆ ಕರೆಂಟು. ನಮ್ಮ ಜಿಲ್ಲೆಯ ಶಕ್ತಿನಗರದ ಸ್ಥಾವರ 1985ರಿಂದ ವಿದ್ಯುತ್ ಉತ್ಪಾದಿಸುತ್ತಿದೆ, ಸಾಮರ್ಥ್ಯ 1,720 ಮೆಗಾವ್ಯಾಟ್. ಅದನ್ನು ನೆನೆದು ಹೆಮ್ಮೆಪಡಿ, ಆದರೆ ಅರ್ಥಿಂಗ್ ನೋಡದ, ಎಸಿಗೆ ಪ್ರತ್ಯೇಕ ವೈರು ಮತ್ತು ಎಂಸಿಬಿ ಕೇಳದ ಮಿಸ್ತ್ರಿಯನ್ನು ನಂಬಬೇಡಿ.

ಈಗ ನಿಜವಾದ ಪರೀಕ್ಷೆ. ಅವನ ಚೀಲದಲ್ಲಿ ವ್ಯಾಕ್ಯೂಮ್ ಪಂಪು ಇದೆಯೇ? ಹೊಸ ತಾಮ್ರದ ಪೈಪಿನೊಳಗೆ ಗಾಳಿ ಇರುತ್ತದೆ, ಗಾಳಿಯಲ್ಲಿ ತೇವ ಇರುತ್ತದೆ. ಎರಡನ್ನೂ ಪಂಪು ಹಚ್ಚಿ ಎಳೆದು, ಗೇಜಿನ ಮುಳ್ಳು ಇಳಿದಲ್ಲೇ ನಿಂತಿದೆಯೇ ಎಂದು ನೋಡಿ, ಆಮೇಲೆ ಗ್ಯಾಸ್ ಬಿಡಬೇಕು. ಅವಸರದವನು ಹೀಗೆ ಮಾಡುವುದಿಲ್ಲ. ವಾಲ್ವು ಚೂರು ಸಡಿಲಿಸಿ, 'ಸುಸ್' ಎಂದು ಗ್ಯಾಸನ್ನೇ ಹೊರಗೆ ಊದಿಸಿ, 'ಗಾಳಿ ಹೋತ್ರಿ' ಅನ್ನುತ್ತಾನೆ. ತೇವ ಒಳಗೇ ಉಳಿಯುತ್ತದೆ, ಕಂಪ್ರೆಸರನ್ನು ನಿಧಾನವಾಗಿ ತಿನ್ನುತ್ತದೆ. ಪಂಪು ಎಲ್ಲಿ ಎಂದು ಕೇಳಿದಾಗ 'ಇದಕ್ಕೆಲ್ಲ ಅದು ಬೇಕಾಗಂಗಿಲ್ರಿ' ಎಂಬ ಉತ್ತರ ಬಂದರೆ ಎರಡನೇ ಚಹಾ.

ಪ್ರತಿ ಬೇಸಿಗೆಗೂ 'ಗ್ಯಾಸ್ ಖಾಲಿ ಆಗೇತ್ರಿ' ಎನ್ನುವವನಿಗೂ ಅದೇ ಸತ್ಕಾರ. ಗ್ಯಾಸ್ ಸೀಮೆಎಣ್ಣೆಯಂತೆ ಉರಿದು ಮುಗಿಯುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಸೋಪಿನ ನೊರೆ ಹಚ್ಚಿ ಸೋರುವ ಜಾಗ ಹುಡುಕುವವನು ಒಳ್ಳೆಯ ಮಿಸ್ತ್ರಿ. ಹಳೆಯ ಆರ್-22 ಗ್ಯಾಸಿನ ಯಂತ್ರಕ್ಕೆ ಆರ್-32 ಗ್ಯಾಸ್ ತುಂಬುತ್ತೇನೆ ಎನ್ನುವವನು ಅಪಾಯದ ಮನುಷ್ಯ, ಏಕೆಂದರೆ ಆರ್-32ಕ್ಕೆ ಒತ್ತಡವೂ ಹೆಚ್ಚು, ಬೆಂಕಿ ಹತ್ತುವ ಗುಣವೂ ಇದೆ.

ಹಳೆಯ ಯಂತ್ರವನ್ನು 'ಎತ್ತಿ ಹಾಕಿ ಹೋಗ್ತೀನ್ರಿ, ಏನೂ ಕೊಡಬ್ಯಾಡ್ರಿ' ಎಂಬ ಉದಾರತೆಗೆ ಮನಸೋಲಬೇಡಿ. ಅದರೊಳಗೆ ತಾಮ್ರ ಇದೆ, ಗುಜರಿ ದರ ಅವನಿಗೆ ಬಾಯಿಪಾಠ.

ಕೊನೆಗೆ ಡ್ರೈನ್ ಪೈಪು. ಅದರ ತುದಿ ಎಲ್ಲಿಗೆ ಹೋಗುತ್ತದೆಂದು ಪಕ್ಕದ ಮನೆಯವರ ಎದುರಲ್ಲೇ ತೀರ್ಮಾನಿಸಿ, ಪೂರ್ತಿ ದುಡ್ಡನ್ನು ಆಮೇಲೆ ಎಣಿಸಿ.