ಅನಿಲಕ್ಷಯ ಮೀಮಾಂಸೆ, ಅಥವಾ ಮೀನಿನ ತೊಟ್ಟಿಯ ಚಿಲ್ಲರಿಗೆ ಗ್ಯಾಸ್ ತುಂಬುವ ಶಾಸ್ತ್ರ

ಶಾಸ್ತ್ರಗ್ರಂಥಗಳು 'ಅಥ' ಎಂದು ಶುರುವಾಗುತ್ತವೆ. 'ಅನಂತರ' ಎಂದು ಅದರ ಅರ್ಥ. ಯಾವುದರ ಅನಂತರ ಎಂಬುದೇ ವ್ಯಾಖ್ಯಾನಕಾರರ ಮೊದಲ ಜಗಳ. ನಮ್ಮ ಶಾಸ್ತ್ರದಲ್ಲಿ ಈ ಜಗಳಕ್ಕೆ ಎಡೆಯಿಲ್ಲ. ಅಥ ಎಂದರೆ ವಾರಂಟಿ ಮುಗಿದ ಅನಂತರ. ವಾರಂಟಿ ಇರುವ ತನಕ ಚಿಲ್ಲರ್, ಅಂದರೆ ತೊಟ್ಟಿಯ ನೀರನ್ನು ತಣ್ಣಗಿಡುವ ಯಂತ್ರ, ಕೆಡುವುದಿಲ್ಲ ಎಂಬುದು ಸರ್ವಸಮ್ಮತ. ಅಪ್ಪಿತಪ್ಪಿ ಕೆಟ್ಟರೂ ಅದು ಕಂಪನಿಯವರ ಕರ್ಮಕಾಂಡಕ್ಕೆ ಸೇರಿದ್ದು, ನಮ್ಮ ಜ್ಞಾನಕಾಂಡಕ್ಕಲ್ಲ.

ಇನ್ನು ಅಧಿಕಾರಿಯ ವಿಚಾರ. ಈ ಶಾಸ್ತ್ರವನ್ನು ಓದಲು ಅರ್ಹನಾರು? ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ಬೆಂಗಳೂರಿನ ಮನೆಯೊಂದರಲ್ಲಿ 300 ಲೀಟರ್ ಉಪ್ಪುನೀರನ್ನು ಗಾಜಿನ ತೊಟ್ಟಿಗೆ ತುಂಬಿ, ಇದೇ ಸಮುದ್ರ ಎಂದು ಒಂದು ಜೋಡಿ ಕ್ಲೌನ್ ಮೀನುಗಳನ್ನು ನಂಬಿಸಲು ಹೊರಟವನು. ಆ ಮೀನುಗಳಿಗೆ 25-26 ಡಿಗ್ರಿ ಸೆಲ್ಸಿಯಸ್ ಹಿತ. ಏಪ್ರಿಲಿನ ಮಧ್ಯಾಹ್ನದ ಬಿಸಿಲಿಗೆ ದೀಪದ ಕಾವೂ ಪಂಪಿನ ಕಾವೂ ಸೇರಿದರೆ ನೀರು 30 ಮುಟ್ಟುತ್ತದೆ, ನೀರು ಕಾದಷ್ಟೂ ಅದರಲ್ಲಿ ಕರಗಿದ ಆಮ್ಲಜನಕ ಇಳಿಯುತ್ತದೆ. (ಗಟ್ಟಿ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟಕ್ಕೆ, ಅಂದರೆ ಹುಲಿಯ ಪಂಕ್ತಿಗೆ, ಸೇರಿಸಲಾಗಿದೆ. ಆದ್ದರಿಂದ ಅವು ಯಾರ ತೊಟ್ಟಿಯಲ್ಲೂ ಇಲ್ಲವೆಂದು ಊಹಿಸಿಕೊಂಡು ಈ ಗ್ರಂಥ ಮುಂದುವರಿಯುತ್ತದೆ.) 300 ಲೀಟರ್ ನೀರನ್ನು ನಾಲ್ಕು ಡಿಗ್ರಿ ಇಳಿಸುವುದೆಂದರೆ, 2000 ವಾಟಿನ ಗೀಸರ್ ಸುಮಾರು 42 ನಿಮಿಷ ಉರಿದರೆ ಹುಟ್ಟುವಷ್ಟು ಶಾಖವನ್ನು ಮೀನಿಗೆ ಗೊತ್ತಾಗದಂತೆ ಹೊರಗೆ ಸಾಗಿಸುವುದು. ಚಿಲ್ಲರ್ ಅದನ್ನು ಸಾಗಿಸಿ ಎಲ್ಲಿಗೆ ಹಾಕುತ್ತದೆ? ಅದೇ ಕೋಣೆಗೆ. ಮೀನು ತಣ್ಣಗಿದ್ದು ಯಜಮಾನ ಬೆವರುವುದು ಈ ಶಾಸ್ತ್ರದ ದೃಷ್ಟಫಲ.

ಯಂತ್ರದೊಳಗೆ ಅನಿಲಕ್ಕೆ ನಾಲ್ಕು ಆಶ್ರಮಗಳು. ಕಂಪ್ರೆಸರ್ ಎಂಬ ಗುರುಕುಲದಲ್ಲಿ ಒತ್ತಡಕ್ಕೆ ಸಿಕ್ಕಿ ಕಾವೇರುವುದು ಬ್ರಹ್ಮಚರ್ಯ. ಕಂಡೆನ್ಸರಿನ ಸುರುಳಿಗಳಲ್ಲಿ ಸುತ್ತಿ ಸುತ್ತಿ, ಗಳಿಸಿದ ಶಾಖವನ್ನೆಲ್ಲ ಫ್ಯಾನಿನ ಗಾಳಿಗೆ ಕಳೆದುಕೊಂಡು ದ್ರವವಾಗುವುದು ಗಾರ್ಹಸ್ಥ್ಯ. ಕ್ಯಾಪಿಲರಿ ಎಂಬ ಸಪೂರ ಕೊಳವೆಯಲ್ಲಿ ನುಸುಳಿ ಒತ್ತಡದಿಂದ ಪಾರಾಗುವುದು ವಾನಪ್ರಸ್ಥ. ಕೊನೆಯದಾಗಿ ಟೈಟೇನಿಯಂ ಕಾಯಿಲಿನಲ್ಲಿ ಸುತ್ತಲಿನ ನೀರಿನ ತಾಪವನ್ನು ತಾನು ಹೀರಿ ಕುದಿದು ಆವಿಯಾಗುವುದು ಸಂನ್ಯಾಸ. ಆರ್-134ಎ ಎಂಬ ಅನಿಲ ವಾತಾವರಣದ ಒತ್ತಡದಲ್ಲಿ ಶೂನ್ಯಕ್ಕಿಂತ 26 ಡಿಗ್ರಿ ಕೆಳಗೇ ಕುದಿಯುವಂಥದ್ದು, ಹಾಗಾಗಿ ವೈರಾಗ್ಯಕ್ಕೆ ಅದಕ್ಕೆ ಹೆಚ್ಚಿನ ಪ್ರೇರಣೆ ಬೇಕಿಲ್ಲ. ಆದರೆ ಮೋಕ್ಷವಿಲ್ಲ. ಆವಿಯಾದದ್ದು ಮರಳಿ ಕಂಪ್ರೆಸರಿನ ಗರ್ಭಕ್ಕೇ. ಈ ಸಂಸಾರಚಕ್ರದಿಂದ ಬಿಡುಗಡೆಗೆ ಇರುವುದು ಒಂದೇ ದಾರಿ: ತೂತು.

ಇಲ್ಲಿಗೆ ಪೂರ್ವಪಕ್ಷ ಎದ್ದು ನಿಲ್ಲುತ್ತದೆ. ಕ್ಷಯವಾದಿಗಳೆಂದು ಹೆಸರಾದ ಈ ಪಂಥ ಫ್ರಿಜ್ ರಿಪೇರಿ ಅಂಗಡಿಗಳಲ್ಲಿ ಬಹುಸಂಖ್ಯಾತ. ರಿಪೇರಿಗೆ ಬಂದವನು ಚೀಲ ಕೆಳಗಿಡುವ ಮೊದಲೇ ಸಿದ್ಧಾಂತ ಹೇಳುತ್ತಾನೆ.

"ಗ್ಯಾಸ್ ಖಾಲಿ ಸಾರ್."

"ಇನ್ನೂ ಬಿಚ್ಚೇ ಇಲ್ಲವಲ್ಲಪ್ಪಾ?"

"ನೀರು ತಣ್ಣಗಾಗ್ತಿಲ್ಲ ಅಂದ್ರಲ್ಲ ಸಾರ್. ಎರಡು ವರ್ಷ ಓಡಿದೆ, ಖಾಲಿ ಆಗೇ ಆಗುತ್ತೆ. ಸ್ಕೂಟರ್‌ಗೆ ಪೆಟ್ರೋಲ್ ಹಾಕ್ಸಲ್ವಾ?"

ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ನ್ಯಾಯಶಾಸ್ತ್ರ ಬಯಸುವ ಪ್ರತಿಜ್ಞೆ, ಹೇತು, ಉದಾಹರಣೆ ಮೂರೂ ಇದರಲ್ಲಿವೆ. ಉಳಿದ ಎರಡು ಅವಯವಗಳು ಬಿಲ್ಲಿನಲ್ಲಿ ಬರುತ್ತವೆ. ದೋಷವಿರುವುದು ಹೇತುವಿನಲ್ಲಿ. ನೀರು ತಣ್ಣಗಾಗದಿರುವುದು ಗ್ಯಾಸ್ ಇಲ್ಲದಾಗ ಮಾತ್ರ ಕಾಣುವ ಲಕ್ಷಣವಲ್ಲ. ಕಂಡೆನ್ಸರಿನ ರೆಕ್ಕೆಗಳಿಗೆ ಧೂಳು ಮೆತ್ತಿದ್ದರೂ ಹಾಗೆಯೇ, ಫ್ಯಾನ್ ನಿಂತಿದ್ದರೂ ಹಾಗೆಯೇ. ಪಂಪಿನ ಬಾಯಿಗೆ ಪಾಚಿ ಕಟ್ಟಿ ಚಿಲ್ಲರಿಗೆ ನೀರೇ ಸರಿಯಾಗಿ ಬಾರದಿದ್ದರೂ, ತಾಪಮಾನ ಅಳೆಯುವ ಸೆನ್ಸರ್ ಸುಳ್ಳು ಹೇಳಿದರೂ ಅದೇ ಲಕ್ಷಣ. ಶೋಭೆಗೆಡುತ್ತದೆಂದು ಚಿಲ್ಲರನ್ನು ತೊಟ್ಟಿಯ ಕೆಳಗಿನ ಮರದ ಕಪಾಟಿನಲ್ಲಿಟ್ಟು ಬಾಗಿಲು ಮುಚ್ಚಿದವರ ಯಂತ್ರವಂತೂ ತಾನು ಉಗುಳಿದ ಬಿಸಿಗಾಳಿಯನ್ನು ತಾನೇ ಕುಡಿಯುತ್ತ ಕೂತಿರುತ್ತದೆ. ಅಂಥ ಕಡೆ ಬೇಕಾದದ್ದು ಗ್ಯಾಸಲ್ಲ, ಒಂದು ಹಳೆಯ ಬ್ರಷ್ಷು, ತೆರೆದ ಬಾಗಿಲು. ಇವೆರಡಕ್ಕೂ ಬಿಲ್ಲು ಬರೆಯಲು ಬಾರದಿರುವುದರಿಂದ ಕ್ಷಯವಾದಿಗಳು ಇವನ್ನು ಪ್ರಮಾಣವೆಂದು ಒಪ್ಪುವುದಿಲ್ಲ.

ಉದಾಹರಣೆಯೂ ನಿಲ್ಲದು. ಪೆಟ್ರೋಲು ಉರಿದು ಹೋಗುತ್ತದೆ. ಅನಿಲ ಉರಿಯುವುದಿಲ್ಲ, ಸವೆಯುವುದಿಲ್ಲ, ಬೆಸುಗೆ ಹಾಕಿ ಮುಚ್ಚಿದ ತಾಮ್ರದ ಕೊಳವೆಯೊಳಗೆ ಸುತ್ತುತ್ತದೆ, ಅಷ್ಟೆ. ನಿಜವಾಗಿ ಕಡಿಮೆಯಾಗಿದ್ದರೆ ಎಲ್ಲಿಂದಲೋ ಹೋಗಿದೆ. ಹೋದ ದಾರಿ ಈಗಲೂ ತೆರೆದೇ ಇದೆ. ಇದೇ ಸಿದ್ಧಾಂತ. ಒಪ್ಪಿಕೊಳ್ಳುವುದು ಸುಲಭ, ಆಚರಿಸುವುದು ಕಷ್ಟ. ಏಕೆಂದರೆ ಗ್ಯಾಸ್ ತುಂಬಲು ಅರ್ಧ ಗಂಟೆ ಸಾಕು, ತೂತು ಹುಡುಕಲು ದಿನವೇ ಬೇಕು.

ಉಳಿದೆಲ್ಲ ವ್ಯವಹಾರಗಳಲ್ಲಿ ಛಿದ್ರಾನ್ವೇಷಣೆ ದುರ್ಜನರ ಲಕ್ಷಣ, ಇಲ್ಲಿ ಮಾತ್ರ ಸಜ್ಜನರದು. ಒಣ ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ನೋಡಬೇಕು, ಬೆಸುಗೆಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆಗಾಗಿ ಕಾಯಬೇಕು. ಅನಿಲದ ಜೊತೆ ಕಂಪ್ರೆಸರಿನ ಎಣ್ಣೆಯೂ ಜಿನುಗುವುದರಿಂದ, ಜಿಡ್ಡಿನ ಮೇಲೆ ಧೂಳು ಕೂತ ಕಪ್ಪು ಕಲೆ ಕಂಡಲ್ಲಿ ಮೊದಲು ಸಂಶಯಪಡಬೇಕು. ಟೈಟೇನಿಯಂ ಉಪ್ಪುನೀರಿಗೆ ಜಗ್ಗುವುದಿಲ್ಲ, ನಿಜ. ಆದರೆ ಆ ಕಾಯಿಲಿನ ಕಡೆಯೇ ಸೋರಿದರೆ ಒತ್ತಡ ಇಳಿದ ಮೇಲೆ ಉಪ್ಪುನೀರು ಒಳಗೆ ನುಗ್ಗುತ್ತದೆ. ಆಗ ಶಾಸ್ತ್ರ ಮುಗಿದು ಗುಜರಿಯವನ ಅಧ್ಯಾಯ ಶುರು.

ತೂತು ಮುಚ್ಚಿದ ಮೇಲೆ ಶೂನ್ಯಸಾಧನ. ವ್ಯಾಕ್ಯೂಮ್ ಪಂಪು ಹಚ್ಚಿ ಕೊಳವೆಯೊಳಗಿನ ಗಾಳಿಯನ್ನೂ ತೇವವನ್ನೂ ಹೊರಗೆಳೆಯುವ ಈ ಸಾಧನೆಯನ್ನು ಕ್ಷಯವಾದಿಗಳು ನಿರರ್ಥಕವೆನ್ನುತ್ತಾರೆ. ಸ್ವಲ್ಪ ಗ್ಯಾಸ್ ಬಿಟ್ಟು ಅದರಿಂದಲೇ ಗಾಳಿ ತಳ್ಳಿಸಿದರೆ ಸಾಕೆಂಬುದು ಅವರ ಸಂಪ್ರದಾಯ. ಆದರೆ ಆರ್-134ಎ ಜೊತೆಗೆ ಬಳಸುವ ಎಣ್ಣೆಗೆ ತೇವ ಕಂಡರೆ ಪ್ರಾಣ. ಅನಿಲದ ತಾಪ ಶೂನ್ಯಕ್ಕಿಂತ ಕೆಳಗಿಳಿದರೆ ಉಳಿದ ನೀರಿನ ಕಣ ಕ್ಯಾಪಿಲರಿಯ ತುದಿಯಲ್ಲಿ ಮಂಜುಗಟ್ಟಿ ದಾರಿ ಮುಚ್ಚುತ್ತದೆ. ಯಂತ್ರ ನಿಂತು ಮಂಜು ಕರಗಿದಾಗ ಎಲ್ಲ ಸರಿಹೋಗುತ್ತದೆ, ಮತ್ತೆ ಶುರುವಾದರೆ ಮತ್ತೆ ಮುಚ್ಚುತ್ತದೆ. ಮೆಕ್ಯಾನಿಕ್ ಎದುರಿಗಿದ್ದಾಗ ತಣ್ಣಗೆ, ಗೇಟು ದಾಟಿದೊಡನೆ ಬಿಸಿ ಎಂಬ ಚಿಲ್ಲರುಗಳ ಪ್ರಸಿದ್ಧ ಲೀಲೆಗೆ ಕೆಲವು ಸಲ ಇದೇ ಮೂಲ.

ಎಷ್ಟು ತುಂಬಬೇಕು? ಯಂತ್ರದ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಅನಿಲದ ಹೆಸರೂ ಗ್ರಾಮಿನ ಲೆಕ್ಕವೂ ಅಚ್ಚಾಗಿರುತ್ತದೆ. ಇಷ್ಟು ಸ್ಪಷ್ಟವಾದ ಶ್ರುತಿವಾಕ್ಯ ಬೇರಾವ ಶಾಸ್ತ್ರಕ್ಕೂ ದಕ್ಕಿಲ್ಲ, ಇಷ್ಟು ಕಡೆಗಣನೆಯೂ ಬೇರಾವುದಕ್ಕೂ ಒದಗಿಲ್ಲ. ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು ಗ್ರಾಂ ಇಳಿಯುವುದನ್ನು ನೋಡುತ್ತ ತುಂಬುವುದು ಒಂದು ಮಾರ್ಗ. ಕೊಳವೆಯನ್ನು ಮುಟ್ಟಿ, ಕಣ್ಣು ಮುಚ್ಚಿ, "ಸಾಕು" ಎನ್ನುವುದು ಇನ್ನೊಂದು. ಎರಡನೆಯದು ಯೋಗಿಗಳ ಮಾರ್ಗ. ನಡುವೆ ಗೇಜನ್ನೇ ನಂಬುವ ಮಧ್ಯಮಮಾರ್ಗಿಗಳಿದ್ದಾರೆ. ಆರ್-134ಎ ಶೂನ್ಯ ಡಿಗ್ರಿಯಲ್ಲಿ ಕುದಿಯಬೇಕಾದರೆ ಗೇಜು ಸುಮಾರು 28 ಪಿಎಸ್‌ಐ ತೋರಬೇಕು, 10 ಡಿಗ್ರಿಯಲ್ಲಾದರೆ ಸುಮಾರು 45. ತೊಟ್ಟಿಯ ನೀರು ಎಷ್ಟು ಬಿಸಿ, ಕೋಣೆ ಎಷ್ಟು ಬಿಸಿ ಎಂಬುದರ ಮೇಲೆ ಮುಳ್ಳು ಆಡುತ್ತದಾದ್ದರಿಂದ ಬರೀ ಗೇಜಿನಿಂದ ತೂಕ ಊಹಿಸುವುದು ಅಪಾಯ. ಕೆಲವು ನೂರು ಗ್ರಾಮಿನ ವ್ಯವಹಾರದಲ್ಲಿ ಐವತ್ತು ಗ್ರಾಂ ಹೆಚ್ಚಾದರೂ ಹೆಚ್ಚೇ. ಅತಿಯಾದರೆ ಒತ್ತಡ ಏರಿ ಕಂಪ್ರೆಸರ್ ಹೆಚ್ಚು ಕರೆಂಟು ಎಳೆಯುತ್ತದೆ, ಕುದಿಯದೆ ಉಳಿದ ದ್ರವ ಒಳಗೆ ಹೊಕ್ಕರೆ ವಾಲ್ವು ಮುರಿಯುತ್ತದೆ. ದಾನಶೂರರು ಮೆಕ್ಯಾನಿಕ್ ಆಗಬಾರದು.

ಇಷ್ಟೆಲ್ಲ ನಡೆಯುವಾಗ ಮೀನಿನ ಗತಿ? ಅದಕ್ಕೆ ಆಪದ್ಧರ್ಮವುಂಟು: ಫ್ರೀಜರಿನಲ್ಲಿ ಗಟ್ಟಿಮಾಡಿದ ನೀರಿನ ಬಾಟಲಿಯನ್ನು ಮುಚ್ಚಳ ಬಿಗಿಮಾಡಿ ತೇಲಿಬಿಡುವುದು. 300 ಲೀಟರಿಗೆ ಒಂದು ಡಿಗ್ರಿ ಇಳಿಯಬೇಕಾದರೆ ಒಂದೊಂದು ಲೀಟರಿನ ಮೂರು ಬಾಟಲಿ ಬೇಕು. ನಾಲ್ಕು ಡಿಗ್ರಿ ಬೇಕೆಂದರೆ ಫ್ರೀಜರಿನಲ್ಲಿರುವ ಬಟಾಣಿ ಹೊರಗೆ ಬರಬೇಕು, ಅದಕ್ಕೆ ಮನೆಯವರ ಅನುಮತಿ ಬೇಕು. ಅದು ಬೇರೆಯೇ ಶಾಸ್ತ್ರ.

ಈ ಅನಿಲ ಸಂಪ್ರದಾಯದ ಇತಿಹಾಸ ಚಿಕ್ಕದು. ಹಳೆಯ ಫ್ರಿಜ್ಜುಗಳ ವಿಷಾನಿಲ ಸೋರುವ ಭಯಕ್ಕೆ ಭೌತವಿಜ್ಞಾನಿಗಳಾದ ಐನ್‌ಸ್ಟೈನ್ ಮತ್ತು ಸಿಲಾರ್ಡ್ ಚಲಿಸುವ ಭಾಗಗಳೇ ಇಲ್ಲದ ಫ್ರಿಜ್ಜನ್ನು ಯೋಚಿಸಿ 1930ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಅದೇ ವರ್ಷ ರಸಾಯನವಿಜ್ಞಾನಿ ಥಾಮಸ್ ಮಿಜ್ಲಿ ಫ್ರಿಜ್ಜಿಗೆಂದು ರೂಪಿಸಿದ ಹೊಸ ಅನಿಲವನ್ನು ಸಭೆಯೆದುರು ಉಸಿರಿಗೆಳೆದು, ಬಿಟ್ಟ ಉಸಿರಿನಿಂದ ಮೇಣದ ಬತ್ತಿ ಆರಿಸಿ, ಇದು ವಿಷವೂ ಅಲ್ಲ, ಉರಿಯುವುದೂ ಇಲ್ಲ ಎಂದು ತೋರಿಸಿದ. ಲೋಕ ಐನ್‌ಸ್ಟೈನರನ್ನು ಬಿಟ್ಟು ಮಿಜ್ಲಿಯ ಹಿಂದೆ ಹೋಯಿತು. ತೂತಿಲ್ಲದ ಯಂತ್ರಕ್ಕಿಂತ ತೂತಾದರೂ ಕೊಲ್ಲದ ಅನಿಲ ಅಗ್ಗ. ಆ ಅನಿಲ ಓಜೋನಿನಲ್ಲೇ ತೂತು ಮಾಡುತ್ತದೆಂದು ತಿಳಿದು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಕ್ಲೋರಿನ್ ಇಲ್ಲದ ಆರ್-134ಎ ಆಮೇಲೆ ಪೀಠವೇರಿತು. ಅದರ ಒಂದು ಕಿಲೋ ನೂರು ವರ್ಷದ ಲೆಕ್ಕದಲ್ಲಿ ಸುಮಾರು 1430 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಕಾಯಿಸುತ್ತದೆ, ಆದ್ದರಿಂದ ಅದೇ ಒಪ್ಪಂದದ 2016ರ ಕಿಗಾಲಿ ತಿದ್ದುಪಡಿ ಅದನ್ನೂ ಹಂತಹಂತವಾಗಿ ಇಳಿಸಲು ಹೇಳಿತು. ಭಾರತ 2021ರಲ್ಲಿ ಒಪ್ಪಿಕೊಂಡಿತು.

ಹೀಗಾಗಿ ಪಾಪಪುಣ್ಯದ ಪ್ರಶ್ನೆ ತಪ್ಪುವುದಿಲ್ಲ. ತೂತು ಮುಚ್ಚದೆ ತುಂಬಿದ 250 ಗ್ರಾಂ ಮತ್ತೆ ಹೊರಗೆ ಹೋದರೆ ಸುಮಾರು 350 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟ ಹಾಗೆ. ಕಡಲು ಕಾದು ಲಕ್ಷದ್ವೀಪದ ಹವಳಗಳು 1998, 2010, 2016ರಲ್ಲಿ ಬಿಳಿಚಿಕೊಂಡವು. ಸಮುದ್ರದ ಒಂದು ತುಣುಕನ್ನು ನಡುಮನೆಯಲ್ಲಿ ತಣ್ಣಗಿಡಲು ಉಳಿದ ಸಮುದ್ರವನ್ನು ಕಾಯಿಸುವುದು ಧರ್ಮವೇ ಎಂದು ಕೇಳಿದರೆ ಕ್ಷಯವಾದಿ ತಲೆ ಕೆರೆದುಕೊಳ್ಳುತ್ತಾನೆ. ಆತನ ಚಿಂತೆ ಬೇರೆ: ಬಿಲ್ಲಿನ ಕೆಳಗೆ ಏನು ಬರೆಯುವುದು?

"ಗ್ಯಾಸಿಗೆ ಮೂರು ತಿಂಗಳು ಗ್ಯಾರಂಟಿ ಸಾರ್. ಲೀಕಾದ್ರೆ ಮಾತ್ರ ನಾವು ಜವಾಬ್ದಾರರಲ್ಲ."

ಅಲ್ಪಜ್ಞರು ಇದನ್ನು ಮೋಸವೆನ್ನುವರು. ಸೂಕ್ಷ್ಮವಾಗಿ ನೋಡಿದರೆ ಇದು ವಿನಯ. ತೂತಿನಿಂದ ಮುಕ್ತಿ ಪಡೆದ ಆರ್-134ಎ ಸುಮಾರು ಹದಿನಾಲ್ಕು ವರ್ಷ, ರಾಮನ ವನವಾಸದಷ್ಟು ಕಾಲ, ವಾತಾವರಣದಲ್ಲಿ ಉಳಿಯುತ್ತದೆ. ಅಂಥ ಅನಿಲಕ್ಕೆ ಆತ ಮೂರೇ ತಿಂಗಳ ಗ್ಯಾರಂಟಿ ಕೊಡುತ್ತಿದ್ದಾನೆ.