ರಸ್ತೆ ಅಗಲೀಕರಣ ಅಹವಾಲು ಶಾಸ್ತ್ರ: ಆರಂಭಿಕರಿಗೆ ಕೈಪಿಡಿ

ರಸ್ತೆ ಅಗಲ ಮಾಡುವುದು ಎಂಜಿನಿಯರುಗಳ ಕೆಲಸ. ಅಗಲ ಮಾಡಬಹುದೇ ಎಂದು ಜನರನ್ನು ಕೇಳುವುದು ಅದಕ್ಕಿಂತ ಸೂಕ್ಷ್ಮವಾದ ವಿದ್ಯೆ. ಈ ವಿದ್ಯೆಗೆ ಯಾವ ವಿಶ್ವವಿದ್ಯಾಲಯವೂ ಪೀಠ ಸ್ಥಾಪಿಸಿಲ್ಲವಾದ್ದರಿಂದ ಶಿವಮೊಗ್ಗದ ರವೀಂದ್ರನಗರದ ನಾವು ಕೆಲವರು ಬೆಳಗಿನ ವಾಯುವಿಹಾರದ ಹೊತ್ತಿನಲ್ಲಿ ಆ ಹೊಣೆ ಹೊತ್ತಿದ್ದೇವೆ. ನಮ್ಮಲ್ಲಿ ನಿವೃತ್ತರು ಹೆಚ್ಚು. ತಜ್ಞರಲ್ಲದ ನಿವೃತ್ತರು ನಮ್ಮ ಬಡಾವಣೆಯಲ್ಲಿ ಇನ್ನೂ ಪತ್ತೆಯಾಗಿಲ್ಲ.

ಅಧ್ಯಯನಕ್ಕೆ ನಮ್ಮ ಜಿಲ್ಲೆಯಷ್ಟು ಅನುಕೂಲ ಬೇರೆಲ್ಲೂ ಇಲ್ಲ. ವಿನೋಬನಗರದಲ್ಲಿ ನೂರಡಿ ರಸ್ತೆ ಇದೆ. ಅದರಲ್ಲಿ ನೂರು ಅಡಿ ಎಲ್ಲಿದೆ ಎಂದು ಕೇಳುವವನು ಹೊರಗಿನವನು. ಪಾರ್ಕಿಂಗು, ಅಂಗಡಿ ಮೆಟ್ಟಿಲು, ಪಾನಿಪೂರಿ ಗಾಡಿ ಎಲ್ಲ ಕೂಡಿಸಿದರೆ ಲೆಕ್ಕ ತಾಳೆಯಾಗುತ್ತದೆ. ತೀರ್ಥಹಳ್ಳಿ ಮೇಲೆ ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ಮೊದಲು 13 ಆಗಿತ್ತು, 2010ರ ಮರುಸಂಖ್ಯೆಯಲ್ಲಿ 169 ಆಯಿತು. ಅಗಲೀಕರಣ ಮೊದಲು ಸಂಖ್ಯೆಯಿಂದ ಶುರುವಾಗುತ್ತದೆ ಎಂಬ ನಮ್ಮ ಸಿದ್ಧಾಂತಕ್ಕೆ ಇದೇ ಆಧಾರ.

ಈಗ ಮೂಲತತ್ತ್ವಕ್ಕೆ ಬರೋಣ. ಒಂಟಿ ಪಥದ ಡಾಂಬರು ಅಗಲ 3.75 ಮೀಟರ್, ನಡುವಿನ ದರ್ಜೆಗೆ 5.5, ಎರಡು ಪಥಕ್ಕೆ 7. ಒಂಟಿ ಪಥದ ಹಳ್ಳಿ ರಸ್ತೆಯಲ್ಲಿ ಬಸ್ಸಿಗೆ ಎದುರಾಗಿ ಅಡಿಕೆ ಮೂಟೆಯ ಪಿಕಪ್ ಬಂತು ಎನ್ನಿ. ಯಾರಾದರೊಬ್ಬರು ಮಣ್ಣಿಗೆ ಇಳಿಯಲೇಬೇಕು. ಇಬ್ಬರೂ ಎಂಜಿನ್ ಆರಿಸುತ್ತಾರೆ. ಯಾವೂರು, ಯಾರ ಪೈಕಿ, ರಾಶಿ ಇಡಿ ಅಡಿಕೆಗೆ ಇವತ್ತು ಏನು ಧಾರಣೆ ಎಂಬ ವಿಚಾರಗಳೆಲ್ಲ ಚರ್ಚೆಯಾಗಿ, ಕೊನೆಗೆ ಇಬ್ಬರಲ್ಲಿ ಒಬ್ಬ ರಿವರ್ಸ್ ತೆಗೆಯುತ್ತಾನೆ. ತೀರ್ಮಾನಕ್ಕೆ ಮುಂಚೆ ಮಾತುಕತೆ ನಡೆಯುವ ಸಾರ್ವಜನಿಕ ಸಮಾಲೋಚನೆ ದೇಶದಲ್ಲಿ ಉಳಿದಿರುವುದು ಇದೊಂದೇ. ರಸ್ತೆ 7 ಮೀಟರ್ ಆದ ದಿನವೇ ಇದು ನಿಂತುಹೋಗುತ್ತದೆ. ಆ ನಷ್ಟ ತುಂಬಿಕೊಡಲೆಂದೇ ಸರ್ಕಾರ ಅಹವಾಲು ಸಭೆ ಏರ್ಪಡಿಸುತ್ತದೆ ಎಂಬುದು ನಮ್ಮ ಅಭಿಮತ.

ಸಮಾಲೋಚನೆಯ ಮೊದಲ ದಾಖಲೆ ಕೆಂಪು ಬಣ್ಣ. ಇದನ್ನು ಸಾಮಾನ್ಯವಾಗಿ ನಿಮ್ಮ ಕಾಂಪೌಂಡಿನ ಒಳಗಡೆ, ಬಚ್ಚಲ ಗೋಡೆಯ ಮೇಲೆ ಹಚ್ಚಿರುತ್ತಾರೆ. ಒಂದು ಬಾಣ, ಒಂದು ಅಂಕಿ. ಬಳಿದವರನ್ನು ಕೇಳಿದರೆ ‘ಸುಮ್ನೆ ಸರ್ವೆ ಸಾರ್, ಇನ್ನೂ ಏನೂ ಆಗಿಲ್ಲ’ ಎನ್ನುತ್ತಾರೆ. ಯೋಜನಾ ವರದಿಗಿಂತ ಇದು ಎಷ್ಟೋ ಪಾರದರ್ಶಕ, ಏಕೆಂದರೆ ಇದನ್ನು ಓದಲು ಇಂಗ್ಲಿಷು ಬೇಡ.

ಎರಡನೆಯದು ಅಧಿಸೂಚನೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಂತೆ ನಿಮ್ಮ ಜಮೀನು ಬೇಕೆಂದು ಮೊದಲು ಗೆಜೆಟ್ಟಿನಲ್ಲಿ ಹೇಳಬೇಕು. ಅದರ ಸಾರಾಂಶ ಎರಡು ಪತ್ರಿಕೆಗಳಲ್ಲಿ ಬರಬೇಕು, ಒಂದಾದರೂ ಸ್ಥಳೀಯ ಭಾಷೆಯಲ್ಲಿರಬೇಕು. ಗೆಜೆಟ್ಟಿನಲ್ಲಿ ಬಂದ ದಿನದಿಂದ 21 ದಿನಗಳೊಳಗೆ ನೀವು ಲಿಖಿತ ಆಕ್ಷೇಪಣೆ ಕೊಡಬಹುದು. ಸಕ್ಷಮ ಪ್ರಾಧಿಕಾರ ನಿಮ್ಮನ್ನಾಗಲಿ ನಿಮ್ಮ ವಕೀಲರನ್ನಾಗಲಿ ವಿಚಾರಿಸಿ ಆದೇಶ ಮಾಡುತ್ತದೆ, ಆ ಆದೇಶವೇ ಅಂತಿಮ. ಮಲೆನಾಡಿನ ಮನೆಗಳಲ್ಲಿ ಗೆಜೆಟ್ಟನ್ನು ಬೆಳಗಿನ ಕಾಫಿಯ ಜೊತೆ ಓದುವ ಪದ್ಧತಿ ಇನ್ನೂ ಬೆಳೆಯಬೇಕಷ್ಟೆ. ಪತ್ರಿಕೆಯ ಪ್ರಕಟಣೆಯಲ್ಲಿ ಸರ್ವೆ ನಂಬರುಗಳ ಅಕ್ಷರ ಎಷ್ಟು ಸಣ್ಣದೆಂದರೆ, ತನ್ನ ಜಮೀನು ಹೋಗುತ್ತಿರುವುದು ರೈತನಿಗೆ ಗೊತ್ತಾಗುವ ಮೊದಲು ಕನ್ನಡಕದ ನಂಬರು ಹೋಗಿರುತ್ತದೆ.

ಮೂರನೆಯದು ಶಾಸ್ತ್ರದ ಶಿಖರ: ಪರಿಸರ ಸಾರ್ವಜನಿಕ ಆಲಿಕೆ. 2006ರ ಸೆಪ್ಟೆಂಬರ್ 14ರ ಅಧಿಸೂಚನೆ ಇದರ ವಿಧಿವಿಧಾನಗಳನ್ನೆಲ್ಲ ಹೇಳಿದೆ. ಕನಿಷ್ಠ 30 ದಿನಗಳ ನೋಟಿಸು. ಅಧ್ಯಕ್ಷತೆಗೆ ಜಿಲ್ಲಾಧಿಕಾರಿ, ಇಲ್ಲವೇ ಅಪರ ಜಿಲ್ಲಾಧಿಕಾರಿಗಿಂತ ಕಡಿಮೆಯಿಲ್ಲದ ಪ್ರತಿನಿಧಿ. ಇಡೀ ಕಲಾಪದ ವಿಡಿಯೊ ಚಿತ್ರೀಕರಣ. ಕೊನೆಗೆ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳುವುದು. ಎಲ್ಲಕ್ಕಿಂತ ಉದಾರವಾದ ಅಂಶವೆಂದರೆ ಸಭೆ ಶುರುಮಾಡಲು ಕೋರಂ ಬೇಡ. ಸಾರ್ವಜನಿಕರು ಒಬ್ಬರೂ ಬರದಿದ್ದರೂ ಸಾರ್ವಜನಿಕ ಆಲಿಕೆ ಕ್ರಮಬದ್ಧವೇ. ನಮ್ಮ ಅನುಭವದಲ್ಲಿ ಅಂಥ ಸಭೆಗಳಲ್ಲೇ ಒಮ್ಮತ ಬೇಗ ಮೂಡುತ್ತದೆ.

ಆದರೆ ಈ ಭಾಗ್ಯ ಎಲ್ಲ ರಸ್ತೆಗೂ ಇಲ್ಲ. ಆ ಅಧಿಸೂಚನೆಯ 2013ರ ತಿದ್ದುಪಡಿಯ ನಂತರ ರಾಷ್ಟ್ರೀಯ ಹೆದ್ದಾರಿಯ ವಿಸ್ತರಣೆ 100 ಕಿಲೋಮೀಟರಿಗಿಂತ ಉದ್ದವಿದ್ದು, ಹಳೆಯ ಜಾಡಿನಲ್ಲಿ 40 ಮೀಟರಿಗಿಂತ ಹೆಚ್ಚುವರಿ ಅಗಲ ಬೇಕಾದಾಗ ಮಾತ್ರ ಪರಿಸರ ಪೂರ್ವಾನುಮತಿಯ, ಅದರೊಂದಿಗೆ ಆಲಿಕೆಯ ಪ್ರಶ್ನೆ ಏಳುತ್ತದೆ. ಹೊಸ ಜಾಡು, ಬೈಪಾಸುಗಳಿಗೆ ಆ ಮಿತಿ 60 ಮೀಟರ್. ಮೊದಲು ಇದು 30 ಕಿಲೋಮೀಟರ್, 20 ಮೀಟರ್ ಇತ್ತು. ರಸ್ತೆಗಿಂತ ಮೊದಲು ನಿಯಮವನ್ನು ಅಗಲ ಮಾಡಿದ್ದು ದೂರದೃಷ್ಟಿ. 2020ರ ಕರಡು ಅಧಿಸೂಚನೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಜನರ ಪ್ರತಿಕ್ರಿಯೆಗೆ ಇದ್ದ 30 ದಿನವನ್ನು 20ಕ್ಕೆ ಇಳಿಸುವ ಪ್ರಸ್ತಾಪ ಮಾಡಿತು. ಆ ಕರಡಿನ ಮೇಲೆ ಅಭಿಪ್ರಾಯ ಹೇಳಿ ಎಂದು ದೇಶದ ಜನರನ್ನು ಕೇಳಿದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಉಳಿದ ಭಾಷೆಗಳಿಗೂ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಹೇಳಬೇಕಾಯಿತು. ಛತ್ರ ಗೊತ್ತುಮಾಡಿ, ಲಗ್ನಪತ್ರಿಕೆ ಹಂಚಿ, ಅಡಿಗೆಯವರಿಗೆ ಮುಂಗಡ ಕೊಟ್ಟ ಮೇಲೆ ಹುಡುಗಿಯನ್ನು ಪಕ್ಕಕ್ಕೆ ಕರೆದು ‘ನಿನ್ನ ಮನಸ್ಸಿನಲ್ಲೇನಿದೆ ಹೇಳಮ್ಮ’ ಎನ್ನುವ ಹಿರಿಯರಲ್ಲೂ ಇದೇ ಸೌಜನ್ಯ ಕಾಣುತ್ತದೆ.

ಇನ್ನು ಭಾಗವಹಿಸುವವರ ವರ್ಗೀಕರಣ. ಮೊದಲ ವರ್ಗದವರು ಅಭಿವೃದ್ಧಿಪರರು. ರಸ್ತೆ ಅಗಲವಾಗಲೇಬೇಕು, ಎದುರುಗಡೆಯಿಂದ ಎಂಬುದು ಇವರ ನಿಲುವು. ಎದುರುಗಡೆಯವರೂ ಇದೇ ವರ್ಗಕ್ಕೆ ಸೇರಿದವರಾದ್ದರಿಂದ ತಾತ್ವಿಕ ಭಿನ್ನಾಭಿಪ್ರಾಯ ಇಲ್ಲ. ಎರಡನೆಯವರು ಪರಿಹಾರಜ್ಞರು. ಫಸಲು ಬರುವ ಅಡಿಕೆ ಮರಕ್ಕೆ ಎಷ್ಟು, ಸಸಿಗೆ ಎಷ್ಟು, ನೆಡಲಿರುವ ಸಸಿಗೆ ಎಷ್ಟು ಎಂಬ ವಿಷಯದಲ್ಲಿ ಇವರ ಪಾಂಡಿತ್ಯ ಅಪಾರ. ಸರ್ವೆಯ ಸುದ್ದಿ ಬಂದ ವಾರದಲ್ಲಿ ಬೀಳು ಜಮೀನೂ ತೋಟವಾಗುವುದನ್ನು ನೋಡಿದರೆ ಕೃಷಿ ಉತ್ತೇಜನಕ್ಕೆ ಹೆದ್ದಾರಿ ಇಲಾಖೆಯನ್ನೇ ನೇಮಿಸಬಹುದು ಅನಿಸುತ್ತದೆ. ಮೂರನೆಯವರು ಮಾಜಿಗಳು. ಯಾವುದಾದರೊಂದು ಸಂಸ್ಥೆಯ ಮಾಜಿ ಅಧ್ಯಕ್ಷರಾದ ಇವರು ಮೈಕು ಸಿಕ್ಕೊಡನೆ ವೇದಿಕೆಯ ಮೇಲಿನವರ ಹೆಸರುಗಳನ್ನೆಲ್ಲ ಹೇಳಿ, ಭದ್ರಾವತಿಯ ಕಬ್ಬಿಣ ಕಾರ್ಖಾನೆಯ ವೈಭವದಿಂದ ಹೊರಟು, ಸೋಗಾನೆ ವಿಮಾನ ನಿಲ್ದಾಣ ತಲುಪುವಷ್ಟರಲ್ಲಿ ಊಟದ ಹೊತ್ತಾಗುತ್ತದೆ. ನಾಲ್ಕನೆಯವರು ರಸ್ತೆ ಬದಿ ನಡೆದು ಹೋಗುವವರು: ಶಾಲೆ ಮಕ್ಕಳು, ಸೊಪ್ಪಿನ ಹೊರೆ ಹೊತ್ತ ಹೆಂಗಸರು. ಸಭೆ ಬೆಳಿಗ್ಗೆ ಹನ್ನೊಂದಕ್ಕೆ ಇರುವುದರಿಂದ ಇವರು ಬಂದದ್ದಿಲ್ಲ. ಬಾರದವರಿಗೆ ಆಕ್ಷೇಪಣೆ ಇಲ್ಲವೆಂದು ಭಾವಿಸುವುದು ರೂಢಿ.

ಸಭೆಗೆ ಬರಲಾಗದವರ ಪೈಕಿ ಮರಗಳ ಸ್ಥಿತಿ ಕೊಂಚ ಉತ್ತಮ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ವೃಕ್ಷಾಧಿಕಾರಿ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ಒಂಟಿಯಾಗಿ ನಿಂತ ಮರಕ್ಕಿಂತ 51 ಜನರ ಕುಟುಂಬದಲ್ಲಿ ಹುಟ್ಟಿದ ಮರಕ್ಕೆ ಮರ್ಯಾದೆ ಹೆಚ್ಚು ಎಂದಾಯಿತು. ಮರದ ಬುಡದಲ್ಲಿ ಚೌಡಮ್ಮ ಇದ್ದರಂತೂ ಮಾತೇ ಬೇರೆ. ನಂಜನಗೂಡಿನ ದೇವಸ್ಥಾನ ತೆರವಿನ ಗದ್ದಲದ ನಂತರ 2021ರಲ್ಲಿ ಸಾರ್ವಜನಿಕ ಸ್ಥಳದ ಧಾರ್ಮಿಕ ಕಟ್ಟಡಗಳ ರಕ್ಷಣೆಗೆ ರಾಜ್ಯವೇ ಕಾಯ್ದೆ ತಂದಿದೆ. ನೇರವಾಗಿ ಬರುತ್ತಿದ್ದ ರಸ್ತೆ ಇದ್ದಕ್ಕಿದ್ದಂತೆ ಸೊಂಟ ಬಳುಕಿಸಿದರೆ ಅಲ್ಲಿ ಒಬ್ಬ ಯಶಸ್ವಿ ಆಕ್ಷೇಪಣೆದಾರಳಿದ್ದಾಳೆ ಎಂದು ತಿಳಿಯಬೇಕು. ಆಕೆ ಅರ್ಜಿಯನ್ನೂ ಕೊಟ್ಟಿರುವುದಿಲ್ಲ.

ಹಳ್ಳಿ ರಸ್ತೆಗಳಿಗೆ ಬೇರೆ ಪದ್ಧತಿ. 2000ದ ಡಿಸೆಂಬರ್ 25ರಂದು ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಜಮೀನು ಕೊಳ್ಳಲು ಹಣವಿಲ್ಲ. ಬದಲಿಗೆ ನಡಿಗೆ ಇದೆ. ಪಂಚಾಯಿತಿ ಅಧ್ಯಕ್ಷರು, ಕಂದಾಯದವರು, ಎಂಜಿನಿಯರು, ಊರವರು ಒಟ್ಟಾಗಿ ರಸ್ತೆಯ ಜಾಡಿನಲ್ಲಿ ನಡೆದು, ಎಲ್ಲಿ ಎಷ್ಟು ಜಾಗ ಬೇಕೆಂದು ನೋಡಿ, ವಿಷಯವನ್ನು ಗ್ರಾಮಸಭೆಯ ಮುಂದಿಡಬೇಕು. ಕಾಗದದ ಮೇಲೆ ಇದಕ್ಕಿಂತ ಸುಂದರವಾದ ಪ್ರಜಾಪ್ರಭುತ್ವ ಇಲ್ಲ. ಎಲ್ಲರ ಕಣ್ಣೆದುರು ನಡೆಯುತ್ತ ನಿಮ್ಮ ಬೇಲಿಯ ಹತ್ತಿರ ಬಂದು ನಿಂತು ‘ನೀವು ದೊಡ್ಡ ಮನಸ್ಸು ಮಾಡಬೇಕು’ ಎಂದರೆ ಬೇಡ ಎನ್ನಲು ಎದೆ ಬೇಕು. ಮನಸ್ಸು ದೊಡ್ಡದಾದಷ್ಟೂ ತೋಟ ಚಿಕ್ಕದಾಗುತ್ತದೆ.

ಜನರ ಮಾತು ಎಂದೂ ನಡೆಯುವುದಿಲ್ಲ ಎನ್ನುವುದು ಅವೈಜ್ಞಾನಿಕ. ಬೆಂಗಳೂರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟಲು 812 ಮರಗಳು ಹೋಗಬೇಕಿತ್ತು. 2016ರ ಅಕ್ಟೋಬರಿನಲ್ಲಿ ಸಾವಿರಾರು ಜನ ರಸ್ತೆಯ ಪಕ್ಕ ಕೈಕೈ ಹಿಡಿದು ನಿಂತರು. 2017ರ ಮಾರ್ಚ್ 2ರಂದು ಯೋಜನೆ ರದ್ದಾಯಿತು. ಶಾಸ್ತ್ರದ ದೃಷ್ಟಿಯಲ್ಲಿ ಇದು ಅಪಚಾರ. ಅಭಿಪ್ರಾಯವನ್ನು ನಿಗದಿತ ನಮೂನೆಯಲ್ಲಿ, ನಿಗದಿತ ಕಚೇರಿಗೆ, ಸ್ವೀಕೃತಿ ಪಡೆದು ಸಲ್ಲಿಸಿದ್ದರೆ ಯೋಜನೆಗೆ ಯಾವ ಅಪಾಯವೂ ಬರುತ್ತಿರಲಿಲ್ಲ.

ವಿದೇಶಿ ವಿದ್ವಾಂಸರನ್ನೂ ಇಲ್ಲಿ ಎಚ್ಚರಿಸಬೇಕಾಗಿದೆ. ಡ್ಯುರಾಂಟನ್ ಮತ್ತು ಟರ್ನರ್ ಎಂಬಿಬ್ಬರು ಅರ್ಥಶಾಸ್ತ್ರಜ್ಞರು 2011ರಲ್ಲಿ, ರಸ್ತೆ ಎಷ್ಟು ಹೆಚ್ಚಿಸಿದರೆ ವಾಹನ ಸಂಚಾರವೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚುತ್ತದೆ ಎಂದು ಅಮೆರಿಕದ ನಗರಗಳ ಲೆಕ್ಕ ಹಿಡಿದು ತೋರಿಸಿದ್ದಾರೆ. ಹ್ಯೂಸ್ಟನ್ನಿನ ಕೇಟಿ ಫ್ರೀವೇ 2008ರ ವಿಸ್ತರಣೆಯಲ್ಲಿ ಬದಿರಸ್ತೆಗಳೂ ಸೇರಿ ಕೆಲವೆಡೆ ಇಪ್ಪತ್ತಕ್ಕೂ ಹೆಚ್ಚು ಪಥಗಳಾಗಿ, ಕೆಲವೇ ವರ್ಷಗಳಲ್ಲಿ ಸಂಜೆಯ ದಟ್ಟಣೆ ಮತ್ತೆ ಬೆಳೆಯಿತು. ಇದನ್ನು ಸೋಲು ಎನ್ನುವವರಿಗೆ ಆಡಳಿತ ಗೊತ್ತಿಲ್ಲ. ಅಗಲ ಮಾಡಿದ ರಸ್ತೆಯನ್ನು ಮತ್ತೆ ಅಗಲ ಮಾಡಬೇಕಾಗುತ್ತದೆ ಎಂದರೆ ನೋಟಿಸು, ಟೆಂಡರು, ಅಹವಾಲು ಸಭೆಯ ಚಿತ್ರಾನ್ನ ಇವೆಲ್ಲ ಮುಂದಿನ ಪೀಳಿಗೆಗೂ ಖಾತ್ರಿ ಎಂದರ್ಥ.

ಕೊನೆಗೆ ನಮ್ಮ ಶಿಫಾರಸು. ಈಗಿನ ಪದ್ಧತಿಯಲ್ಲಿ ಇರುವುದು ಒಂದೇ ದೋಷ: ರಸ್ತೆ ಇನ್ನೂ ಆಗದಿರುವಾಗಲೇ ಸಭೆ ಕರೆಯುವುದರಿಂದ, ತೀರ್ಮಾನ ಬದಲಾಗಬಹುದೇನೋ ಎಂಬ ಅನುಮಾನ ಜನರಲ್ಲಿ ಉಳಿಯುತ್ತದೆ. ಉದ್ಘಾಟನೆಯ ಮರುದಿನ, ಅದೇ ಶಾಮಿಯಾನದಲ್ಲಿ ಸಭೆ ನಡೆಸಿದರೆ ಬಾಡಿಗೆಯೂ ಉಳಿಯುತ್ತದೆ, ತಾವು ಯಾವುದನ್ನು ವಿರೋಧಿಸುತ್ತಿದ್ದೇವೆ ಎಂಬುದು ಜನರಿಗೂ ಕಣ್ಣಾರೆ ಕಾಣುತ್ತದೆ. ಈ ಶಿಫಾರಸಿಗೆ ಆಕ್ಷೇಪಣೆ ಇರುವವರು 21 ದಿನಗಳೊಳಗೆ ದ್ವಿಪ್ರತಿಯಲ್ಲಿ ಸಲ್ಲಿಸಬಹುದು. ಅವಧಿ ಲೇಖನ ಬರೆದ ದಿನದಿಂದಲೇ ಆರಂಭವಾಗಿದೆ. ಬರಲಿರುವ ಆಕ್ಷೇಪಣೆಗಳನ್ನೆಲ್ಲ ಕೂಲಂಕಷವಾಗಿ ಪರಿಶೀಲಿಸಿ, ಸಮಂಜಸವಲ್ಲವೆಂದು ಕಂಡುಬಂದ ಕಾರಣ ವಿಲೇವಾರಿ ಮಾಡಲಾಗಿದೆ.