ಎರಡೂವರೆ ಇಂಚಿನ ನೌಕಾಪಡೆ

"ಮೇಷ್ಟ್ರೇ, ಸಬ್‌ಮರ್ಸಿಬಲ್ಲು ಮನೇಲೇ ಮಾಡ್ತಾ ಇದೀರಂತೆ? ಎಷ್ಟು ಎಚ್‌ಪಿ?"

ಡೈರಿ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತಿದ್ದ ಮೂವರೂ ನನ್ನ ಉತ್ತರಕ್ಕೆ ಕಿವಿಗೊಟ್ಟರು. ಸಬ್‌ಮರ್ಸಿಬಲ್ ಅಲ್ಲ ಕಣ್ರಪ್ಪ, ಸಬ್‌ಮರೀನು ಎಂದೆ. "ಅದೇ ಬುಡಿ, ಹೊಸಾ ಮಾಡಲ್ಲು" ಎಂದು ಒಬ್ಬ ಉಳಿದಿಬ್ಬರಿಗೆ ಬಿಡಿಸಿ ಹೇಳಿದ. ಇನ್ನೊಬ್ಬ ಎಷ್ಟು ಸ್ಟೇಜು ಅಂತ ಕೇಳಿದ. ಜಲಾಂತರ್ಗಾಮಿ ಎಂದು ಪುಸ್ತಕದ ಕನ್ನಡದ ಧಾಟಿಯಲ್ಲಿ ಹೇಳಿ ನೋಡಿದೆ. ಮೂವರೂ ಒಂದು ಗಳಿಗೆ ಸುಮ್ಮನಿದ್ದು, ಹಾಲು ಹಾಕಲು ಒಳಗೆ ಹೋದರು. ರಿಟೈರಾದ ಮೇಲೆ ಲೆಕ್ಕದ ಮೇಷ್ಟ್ರುಗಳಿಗೆ ಹೀಗಾಗುವುದುಂಟು ಎಂಬ ತಿಳುವಳಿಕೆ ಮಧುಗಿರಿಯಲ್ಲಿ ಹಿಂದಿನಿಂದಲೂ ಇದೆ.

ಅವರದೇನೂ ತಪ್ಪಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕಿನಲ್ಲಿ ಮುಳುಗುವ ಯಂತ್ರ ಅಂತ ಇರುವುದು ಬೋರಿಗೆ ಇಳಿಸುವ ಸಬ್‌ಮರ್ಸಿಬಲ್ ಪಂಪೊಂದೇ. ಹೆಸರಿಗೆ ನಮಗೆ ಜಯಮಂಗಲಿ ಇದ್ದಾಳೆ. ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರ ಪಿನಾಕಿನಿಯನ್ನು ಸೇರುವ ಹೊಳೆ. ವರ್ಷದ ಬಹುಪಾಲು ಮರಳಿನಡಿಯಲ್ಲೇ ಓಡಾಡಿಕೊಂಡಿರುವುದರಿಂದ ನಿಜವಾದ ಅರ್ಥದಲ್ಲಿ ಜಲಾಂತರ್ಗಾಮಿ ಎಂದರೆ ಆಕೆಯೇ.

ನನಗೆ ಈ ಹುಚ್ಚು ಹತ್ತಿದ್ದು ವಿಶಾಖಪಟ್ಟಣದಲ್ಲಿ. ಪೆನ್ಷನ್ ಸೆಟ್ಲಾದ ವರ್ಷ ನಾನೂ ನನ್ನವಳೂ ಸಿಂಹಾಚಲಕ್ಕೆ ಹೋದವರು ರಾಮಕೃಷ್ಣ ಬೀಚಿಗೂ ಹೋದೆವು. ಅಲ್ಲಿ ಮರಳ ದಂಡೆಯ ಮೇಲೆ 'ಐಎನ್‌ಎಸ್ ಕುರ್ಸುರಾ' ಕೂತಿತ್ತು. 1969ರಲ್ಲಿ ಸೋವಿಯತ್ ಒಕ್ಕೂಟದಿಂದ ಬಂದು ನಮ್ಮ ನೌಕಾಪಡೆ ಸೇರಿ, 1971ರ ಯುದ್ಧದಲ್ಲಿ ಪಹರೆ ತಿರುಗಿ, 2001ರಲ್ಲಿ ನಿವೃತ್ತಿಯಾಗಿ, 2002ರಿಂದ ಮ್ಯೂಸಿಯಂ ಆಗಿರುವ ಸಬ್‌ಮರೀನು. ನಿವೃತ್ತಿಯಾದ ಮೇಲೂ ಜನ ದುಡ್ಡು ಕೊಟ್ಟು ನೋಡಲು ಬರುತ್ತಾರಲ್ಲ ಎಂಬುದು ನನ್ನನ್ನು ಮೊದಲು ತಟ್ಟಿತು. ಆಮೇಲೆ, ಒಣನೆಲದ ಮೇಲೆ ಸಬ್‌ಮರೀನು ಅಷ್ಟು ನೆಮ್ಮದಿಯಾಗಿ ಕೂತಿರುವುದನ್ನು ಕಂಡು, ಇದು ನಮ್ಮ ಕಡೆಯದೇ ಅನ್ನಿಸಿಬಿಟ್ಟಿತು.

ಒಳಗೆ ವಿವರಿಸುತ್ತಿದ್ದವರು ನೌಕಾಪಡೆಯಲ್ಲಿ ದುಡಿದ ಹಿರಿಯರು. ಎಪ್ಪತ್ತೈದು ಜನ ಈ ಕೊಳವೆಯೊಳಗೆ ತಿಂಗಳುಗಟ್ಟಲೆ ಬಾಳುತ್ತಿದ್ದರು, ಟಾರ್ಪಿಡೊ ಪಕ್ಕದಲ್ಲೇ ಮಲಗುತ್ತಿದ್ದರು ಎಂದರು. ಎಷ್ಟು ಆಳಕ್ಕೆ ಹೋಗ್ತಿತ್ತು ಎಂದು ಕೇಳಿದೆ. ಸುಮಾರು 250 ಮೀಟರ್ ಎಂದರು. ಮನಸ್ಸಿನಲ್ಲೇ ಅಡಿಗೆ ತಿರುಗಿಸಿ, ಎಂಟುನೂರಿಪ್ಪತ್ತು ಎಂದು ಹೆಂಡತಿಗೆ ಪಿಸುಗುಟ್ಟಿದೆ.

"ಅಷ್ಟೇನಾ?" ಎಂದಳು. "ಪಾವಗಡದಲ್ಲಿ ನಮ್ಮ ತಮ್ಮ ಸಾವಿರದೈವತ್ತು ಹೋಗಿದಾನೆ."

ಸತ್ಯವೇ. ನೌಕಾಪಡೆಯ ಸಬ್‌ಮರೀನಿಗಿಂತ ನಮ್ಮ ಭಾವಮೈದನ ಸಬ್‌ಮರ್ಸಿಬಲ್ಲು ಇನ್ನೂರ ಮೂವತ್ತಡಿ ಹೆಚ್ಚು ಆಳ ಕಂಡಿತ್ತು. ವ್ಯತ್ಯಾಸವಿಷ್ಟೇ, ಕುರ್ಸುರಾ ಹೋದಲ್ಲೆಲ್ಲ ನೀರಿತ್ತು.

ಊರಿಗೆ ಬಂದವನೇ ಲೆಕ್ಕ ಹಾಕಲು ಕೂತೆ. ಉದ್ದ 91.3 ಮೀಟರ್, ಅಗಲ 7.5 ಮೀಟರ್. ನೂರರಲ್ಲೊಂದು ಪಾಲು ಮಾಡಿದರೆ ಉದ್ದ ಮೂರಡಿ, ಅಗಲ 75 ಮಿಲಿಮೀಟರ್. ಈ ಎಪ್ಪತ್ತೈದನ್ನು ಎಲ್ಲೋ ನೋಡಿದ್ದೇನಲ್ಲ ಎಂದು ಎರಡು ದಿನ ತಲೆ ಕೆರೆದುಕೊಂಡೆ. ಮೂರನೇ ದಿನ ಪಾವಗಡದಲ್ಲಿ ಭಾವಮೈದನ ಹೊಲದ ಬದುವಿನ ಮೇಲೆ ಎಡವಿ ಬಿದ್ದಾಗ ಸಿಕ್ಕಿತು. ಎರಡೂವರೆ ಇಂಚಿನ ಪಿವಿಸಿ ಪೈಪು! ರೈತರ ಬಾಯಲ್ಲಿ ಎರಡೂವರೆ ಇಂಚು, ಪೈಪಿನ ಮೈಮೇಲೆ 75 ಎಂಎಂ. ಸೋವಿಯತ್ ಇಂಜಿನಿಯರುಗಳು ಪಾವಗಡದ ಪೈಪ್‌ಲೈನ್ ಗಮನದಲ್ಲಿಟ್ಟುಕೊಂಡೇ ಸಬ್‌ಮರೀನು ಮಾಡಿದ್ದರು.

ಫೇಲಾದ ಬೋರಿನ ಪೈಪುಗಳು ಬಿಸಿಲಲ್ಲಿ ಬಿದ್ದಿದ್ದವು. "ಮೂರಡಿ ತಾನೆ ಭಾವ, ಕುಯ್ಕೊಂಡು ಹೋಗಿ. ಇನ್ನೇನು ನೀರು ಬರ್ತದಾ ಇದರಾಗೆ?" ಎಂದ ಭಾವಮೈದ. ಆ ಮಾತನ್ನು ನೆನಪಿಟ್ಟುಕೊಳ್ಳಿ.

ಪೈಪಿನ ಮೇಲೆ ಐಎಸ್‌ಐ ಮುದ್ರೆಯ ಜೊತೆಗೆ ಚದರ ಸೆಂಟಿಮೀಟರಿಗೆ 4 ಕೆಜಿ ಒತ್ತಡ ತಡೆಯುತ್ತದೆಂದು ಬರೆದಿತ್ತು. 250 ಮೀಟರ್ ಆಳದಲ್ಲಿ ನಿಜವಾದ ಕುರ್ಸುರಾ 25 ಕೆಜಿ ತಡೆಯಬೇಕು. ಆದರೆ ನೂರರಲ್ಲೊಂದು ಪಾಲಿನ ಸಬ್‌ಮರೀನು ಎರಡೂವರೆ ಮೀಟರ್ ಮುಳುಗಿದರೆ ಸಾಕು. ಮಧುಗಿರಿಯಲ್ಲಿ ಬೇಸಿಗೆಯಲ್ಲಿ ಎರಡೂವರೆ ಮೀಟರ್ ನೀರೆಲ್ಲಿದೆ ಎನ್ನುವುದು ಸಿಲೆಬಸ್ಸಿನ ಹೊರಗಿನ ಪ್ರಶ್ನೆ.

ಪೈಪೇನೋ ನಡುಭಾಗವಾಯಿತು. ಮೂತಿ, ಬಾಲಗಳನ್ನು ಮರದಲ್ಲಿ ಕೆತ್ತಬೇಕು. ಕೊರಟಗೆರೆ ಕಡೆ ತೇರು ರಿಪೇರಿ ಮಾಡುವ ಆಚಾರ್ರೊಬ್ಬರ ಹತ್ತಿರ ಹೋದೆ. ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ ಮೂತಿಯ ಬಾಗನ್ನು ಎರಡೆರಡು ಇಂಚಿಗೊಂದರಂತೆ ಅರ್ಧಚಂದ್ರಾಕಾರದ ಮಾದರಿ ಮಾಡಿಕೊಂಡಿದ್ದೆ. ಆಚಾರ್ರು ಒಂದೊಂದನ್ನೂ ತಿರುವಿ, ಗಂಡಿನ ಕಡೆಯವರು ಯಾರು ಎಂದೆಲ್ಲ ಓದಿ ಮುಗಿಸಿ, "ಯಾವ ದೇವರದು?" ಎಂದರು. ದೇವರಲ್ಲ, ಯುದ್ಧದ್ದು ಎಂದೆ. "ಹಂಗಾದ್ರೆ ದಂಡಿನ ಮಾರಮ್ಮಂದು" ಎಂದು ತಾವೇ ತೀರ್ಮಾನಿಸಿ ಮಾವಿನ ತುಂಡಿಗೆ ಉಳಿ ಇಟ್ಟರು. ಮೂತಿ ಚೆನ್ನಾಗಿಯೇ ಬಂತು. ಸೋನಾರ್ ಗುಬುಟಿನ ಕೆಳಗೆ ಮಾತ್ರ, ಕೈ ಸುಮ್ಮನಿರದೆ, ಒಂದು ಸಣ್ಣ ಕಮಲ ಬಿಡಿಸಿದ್ದರು. ಉಜ್ಜಿ ತೆಗೆಯುವಾಗ ಹೊಟ್ಟೆ ಚುರುಕ್ಕೆಂದಿತು.

ಡೆಕ್ಕಿಗೆ ಬಚ್ಚಲಮನೆ ಬಾಗಿಲಿನ ಪಿವಿಸಿ ಶೀಟು. ಸಂದುಗೊಂದಿಗೆ ಎಂ-ಸೀಲ್. ಅದರ ಮೇಲೆ ಲಾರಿಗಳಿಗೆ ಮೆತ್ತುವ ಪುಟ್ಟಿ. ಈ ಪುಟ್ಟಿಯ ವಿದ್ಯೆಯನ್ನು ನಾನು ಕಲಿತದ್ದು ಶಿರಾದಲ್ಲಿ, ಹೈವೇ ಪಕ್ಕದ ಲಾರಿ ಪೇಂಟರ್ ಒಬ್ಬನಿಂದ, ಅದೂ ಕೆಟ್ಟ ಮೇಲೆ. ಮೊದಲ ಸಲ ನುಣ್ಣನೆ ಪೈಪಿನ ಮೇಲೆ ಹಾಗೇ ಮೆತ್ತಿದ್ದೆ. ಮಾರನೇ ದಿನ ಉಗುರು ತಾಗಿಸಿದರೆ ಬೇಯಿಸಿದ ಕಡಲೆಕಾಯಿ ಸಿಪ್ಪೆಯ ಹಾಗೆ ಗೇಣುದ್ದ ಎದ್ದು ಬಂತು. "80 ನಂಬರ್ ಪೇಪರಾಗೆ ಮೈಯೆಲ್ಲ ಗೀರಿ ಸಾರ್, ಗಾಯ ಇಲ್ದಿದ್ರೆ ಔಷಧಿ ಹಿಡಿಯಲ್ಲ" ಎಂದ. ಹಾರ್ಡ್‌ನರ್ ಬಟಾಣಿ ಕಾಳಿನಷ್ಟು ಸಾಕು ಎಂದೂ ಹೇಳಿದ್ದ. ನಾನು ಒಳ್ಳೆಯದಾಗಲಿ ಎಂದು ಎರಡು ಬಟಾಣಿ ಹಾಕಿದೆ. ಏಪ್ರಿಲ್ ತಿಂಗಳು. ಕಲಸಿದ ಪುಟ್ಟಿ ಸಬ್‌ಮರೀನು ಮುಟ್ಟುವುದರೊಳಗೆ ಪ್ಲಾಸ್ಟಿಕ್ ಡಬ್ಬಿಯಲ್ಲೇ ಕಲ್ಲಾಗಿ, ಕಲಸಿದ ಚಮಚವೂ ಅದರೊಳಗೇ ನಿಂತಿತು. ಅದು ಉಪ್ಪಿನಕಾಯಿ ಚಮಚ ಎಂದು ಆಮೇಲೆ ತಿಳಿಯಿತು.

ನಮ್ಮ ಬಿಸಿಲಿನ ಬಗ್ಗೆ ಒಂದು ಮಾತು. ಪಾವಗಡದ ತಿರುಮಣಿ ಸುತ್ತ 13,000 ಎಕರೆಯಲ್ಲಿ ಸೋಲಾರ್ ಹಲಗೆ ಹಾಸಿ 2,050 ಮೆಗಾವಾಟ್ ಕರೆಂಟು ತೆಗೆಯುತ್ತಿರುವುದು ಸುಮ್ಮನೆ ಅಲ್ಲ. ಮಹಡಿಯ ಮೇಲೆ ನಿಂತು, ಪುಟ್ಟಿಯ ಮೇಲೆ ಹೊಡೆಯುವ ಸರ್ಫೇಸರ್ ಸ್ಪ್ರೇ ಮಾಡಿದರೆ ಅದು ಡಬ್ಬಿಯಿಂದ ಹೊರಟು ಹಡಗು ತಲುಪುವ ಒಂದಡಿ ದಾರಿಯಲ್ಲೇ ಒಣಗಿ, ರಾಗಿಹಿಟ್ಟು ಉದುರಿಸಿದ ಹಾಗೆ ತರಿತರಿಯಾಗಿ ಕೂರುತ್ತಿತ್ತು. ಕೊನೆಗೆ ಬೆಳಗಿನ ಜಾವ ಐದಕ್ಕೆದ್ದು ಹೊಡೆಯುವ ಪದ್ಧತಿ ಮಾಡಿಕೊಂಡೆ. ಎದುರು ಮನೆಯವರು ನಾನು ಯೋಗ ಶುರು ಮಾಡಿದೆನೆಂದು ತಿಳಿದರು.

ಇಷ್ಟೆಲ್ಲ ಮಾಡುತ್ತಿದ್ದುದು ಈ ಹಡಗಿನಿಂದ ಒಂದು ಅಚ್ಚು ತೆಗೆಯಲು. ಒಂದನ್ನು ಮಾಡಿ ಷೋಕೇಸಿನಲ್ಲಿಟ್ಟರೆ ಮುಗಿಯಿತಲ್ಲ, ಅಚ್ಚು ಯಾಕೆ? ಇದನ್ನು ನನ್ನವಳೂ ಕೇಳಿದಳು. "ಒಂದಕ್ಕೇ ನೀರಿಲ್ಲ, ಅಚ್ಚು ತೆಗೆದು ನೂರು ಮಾಡಿ ಯಾವ ಕೆರೇಲಿ ಬಿಡ್ತೀರಿ?" ನಾನು ಗಣಿತದಿಂದ ಉತ್ತರ ಕೊಟ್ಟೆ. ಮರ, ಪುಟ್ಟಿ ಮೆತ್ತಿದ ಈ ಮೂಲ ಗಟ್ಟಿ ಗುಂಡು. ಇದು ಈಜುವುದಕ್ಕಲ್ಲ, ಅಚ್ಚು ಹೆರುವುದಕ್ಕೆ. ಅಚ್ಚಿನಿಂದ ಬರುವ ಫೈಬರ್ ಮೈ ಟೊಳ್ಳಾಗಿರುತ್ತದೆ. ನಿಜವಾದ ಕುರ್ಸುರಾ ಮೇಲೆ ತೇಲುವಾಗ ಸುಮಾರು 1,950 ಟನ್, ಮುಳುಗಿದಾಗ 2,475 ಟನ್. ಉದ್ದ ನೂರು ಪಾಲು ಇಳಿದರೆ ತೂಕ ನೂರರ ಘನ, ಅಂದರೆ ಹತ್ತು ಲಕ್ಷ ಪಾಲು ಇಳಿಯುತ್ತದೆ. ಹಾಗಾಗಿ ನಮ್ಮದು ತೇಲುವಾಗ ಎರಡು ಕೆಜಿಗೆ ತುಸು ಕಡಿಮೆ, ಮುಳುಗಿದಾಗ ಎರಡೂವರೆ. ವ್ಯತ್ಯಾಸ ಅರ್ಧ ಲೀಟರ್. "ಒಂದು ಚೊಂಬು ನೀರು ಕುಡಿದರೆ ಮುಳುಗುತ್ತೆ, ಉಗಿದರೆ ಏಳುತ್ತೆ, ಅಷ್ಟೇ ಕಣೇ."

"ಆ ಚೊಂಬು ನೀರು ಯಾವತ್ತು ಬಿಡ್ತಾರಂತೆ ಕೇಳ್ಕೊಂಡು ಬನ್ನಿ" ಎಂದಳು. ನಮ್ಮ ಬೀದಿಗೆ ನಲ್ಲಿ ಬಿಟ್ಟು ಆಗ ಎಂಟು ದಿನವಾಗಿತ್ತು.

ನೀರಿನ ಮಾತು ಬಂದದ್ದಕ್ಕೆ ಕಾರಣವಿತ್ತು. ಕೊನೆಯ ಹಂತದ ಉಜ್ಜಾಟಕ್ಕೆ ಬೇಕಾದ ಉಪ್ಪುಕಾಗದದ ಹೆಸರೇ ವಾಟರ್ ಪೇಪರ್. ಒದ್ದೆ ಮಾಡಿಕೊಂಡು 400, 600, 1000 ಎಂದು ನಂಬರ್ ಏರಿಸುತ್ತಾ ಉಜ್ಜಬೇಕು. ಕೊಳಾಯಿ ನೀರಿಗೆ ಮನೆಯಲ್ಲಿ ಪರವಾನಗಿ ಸಿಗಲಿಲ್ಲ. ಅಕ್ಕಿ ತೊಳೆದ ನೀರು ಮಂಜೂರಾಯಿತು. ಅದು ಪಕ್ಕದ ಮನೆ ಹಸುವಿನ ಪಾಲು. ಒಂದು ತಿಂಗಳು ಆ ಹಸು ಗೇಟಿನಾಚೆ ನಿಂತು ನನ್ನನ್ನು ನೋಡುತ್ತಿದ್ದ ನೋಟವನ್ನು ಮರೆಯಲಾರೆ.

ಉಜ್ಜಿ ಮುಗಿಸಿ ಒಯ್ದಾಗ ಶಿರಾದ ಪೇಂಟರ್ ನನ್ನ ಹಡಗನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದ. ನನ್ನ ಕಣ್ಣಿಗೆ ಅದು ಬಾಳೆದಿಂಡಿನಂತೆ ನುಣ್ಣಗಿತ್ತು. ಅವನು ಮಾತಾಡದೆ ಒಂದು ಕರಿ ಸ್ಪ್ರೇ ಡಬ್ಬಿ ತೆಗೆದು, ಸೊಳ್ಳೆಗೆ ಹೊಡೆದ ಹಾಗೆ ದೂರದಿಂದ ಎರಡು ಸಲ ಚುಸ್ ಅನ್ನಿಸಿದ. ಬೂದು ಮೈಮೇಲೆ ಕರಿ ಹನಿ ಮಂಜಿನಂತೆ ಕೂತಿತು. ಹಳೇ ಹವಾಯಿ ಚಪ್ಪಲಿಯ ತುಂಡಿಗೆ ಪೇಪರ್ ಸುತ್ತಿ ಕೈಗೆ ಕೊಟ್ಟು, ಉಜ್ಜಿ ಎಂದ. ಉಜ್ಜಿದೆ. ಉಬ್ಬಿದ್ದಲ್ಲೆಲ್ಲ ಕರಿ ಹೋಯಿತು, ತಗ್ಗಿದ್ದಲ್ಲೆಲ್ಲ ಉಳಿಯಿತು. ನುಣ್ಣಗಿದೆ ಎಂದುಕೊಂಡಿದ್ದ ಮೈಮೇಲೆ ಸಿಡುಬಿನ ಕಲೆಗಳಂತೆ ನಲವತ್ತೊಂದು ಕಪ್ಪು ಚುಕ್ಕೆ ಎದ್ದು ನಿಂತವು. ಮೂವತ್ತೈದು ವರ್ಷ ಮಕ್ಕಳ ಉತ್ತರಪತ್ರಿಕೆಗೆ ಕೆಂಪು ಗುರುತು ಹಾಕಿದವನಿಗೆ ಈಗ ಕಪ್ಪು ಗುರುತು.

"ಬಣ್ಣ ಹೊಡುದ್ರೆ ಮುಚ್ಕೊಳ್ತದೆ ಅನ್ನೋರು ಲಾರಿ ಮಾಡ್ಬೋದು ಸಾರ್. ಅಚ್ಚಿಗೆ ಆಗಲ್ಲ. ಇದರಾಗೆ ಒಂದು ಕೂದಲಿದ್ರೂ ತೆಗೆದ ಪೀಸಿನಾಗೆಲ್ಲ ಅದೇ ಕೂದಲು."

ಪಠ್ಯಪುಸ್ತಕದಲ್ಲಿ ಒಂದು ಅಚ್ಚಿನ ತಪ್ಪು ಬಿದ್ದು ರಾಜ್ಯದ ಮಕ್ಕಳೆಲ್ಲ ಅದನ್ನೇ ಬಾಯಿಪಾಠ ಮಾಡಿದ್ದನ್ನು ಕಂಡವನು ನಾನು. ವಾದಿಸಲಿಲ್ಲ. ಮನೆಗೆ ಬಂದು ತಗ್ಗು ತುಂಬಿ, ಉಜ್ಜಿ, ಮತ್ತೆ ಕರಿ ಹೊಡೆದೆ. ಹತ್ತೊಂಬತ್ತು. ಮತ್ತೆ. ಏಳು. ಮಹಡಿಯಿಂದ ತಲೆಯೆತ್ತಿದರೆ ಎದುರಿಗೆ ನಮ್ಮ ಏಕಶಿಲಾ ಬೆಟ್ಟ. 3,930 ಅಡಿ, ಮೇಲೇಳುತ್ತಿರುವ ಸಬ್‌ಮರೀನಿನ ಬೆನ್ನಿನ ಹಾಗೆ, ಒಂದೂ ಜಾಯಿಂಟಿಲ್ಲ. ಅಷ್ಟು ದೊಡ್ಡದನ್ನು ಉಜ್ಜಿದವನಿಗೆ ಅದೆಷ್ಟು ಮಳೆ ಬೇಕಾಗಿತ್ತೋ.

ಮೈ ಸಿದ್ಧವಾದ ಮೇಲೆ ನಿಜವಾದ ತಲೆನೋವು: ಅಚ್ಚನ್ನು ಎಲ್ಲಿ ಎರಡು ಹೋಳು ಮಾಡುವುದು? ಗೋಪುರ, ಚುಕ್ಕಾಣಿ, ಮೂರು ಪ್ರೊಪೆಲರುಗಳು ಎಲ್ಲವನ್ನೂ ಮೂಲಕ್ಕೇ ಅಂಟಿಸಿ ಬೀಗುತ್ತಿದ್ದೆ. ಒಂದು ವಾರ ಸ್ಕೇಲು, ಕೋನಮಾಪಕ ಹಿಡಿದು ಕೂತರೂ ಬಗೆಹರಿಯಲಿಲ್ಲ. ನನ್ನವಳು ಕಾಫಿ ತಂದವಳು ಒಂದು ಗಳಿಗೆ ನೋಡಿ, ಅಟ್ಟದಿಂದ ಒಂದು ಡಬ್ಬಿ ಇಳಿಸಿದಳು. ಸಂಕ್ರಾಂತಿಯ ಸಕ್ಕರೆ ಅಚ್ಚುಗಳು, ಅವರಜ್ಜಿಯ ಕಾಲದವು. ಗಿಳಿಯ ಅಚ್ಚು ತೆಗೆದು ನನ್ನ ಮುಂದೆ ಬಿಚ್ಚಿದಳು.

"ಇದರಲ್ಲಿ ಪ್ರತಿ ವರ್ಷ ಕೊಕ್ಕು ಮುರಿಯುತ್ತೆ. ಯಾಕೆ ಹೇಳಿ? ಒಳಕ್ಕೆ ಬಾಗಿದೆ. ಅಚ್ಚು ಎಳೆಯೋವಾಗ ಸಿಕ್ಕಾಕ್ಕೊಳ್ಳುತ್ತೆ. ಆನೇದು ನೋಡಿ, ಸೊಂಡಿಲು ಮೈಗೆ ಅಂಟಿಸಿಬಿಟ್ಟಿದಾರೆ. ಒಂದೂ ಮುರಿಯಲ್ಲ." ಆಮೇಲೆ ಹಡಗಿನ ಕಡೆ ಬೆರಳು ತೋರಿಸಿದಳು. "ನಿಮ್ಮದರಲ್ಲಿ ಎಲ್ಲ ಬರೀ ಕೊಕ್ಕೇ."

ಅಂದೇ ಗರಗಸ ತೆಗೆದು ಗೋಪುರ, ಚುಕ್ಕಾಣಿ, ಪ್ರೊಪೆಲರುಗಳನ್ನು ಕುಯ್ದು ಬೇರೆ ಮಾಡಿದೆ. ಅವಕ್ಕೆ ಅವವೇ ಅಚ್ಚು. ಪಕ್ಕೆಯಲ್ಲಿ ಸಾಲಾಗಿರುವ ನೀರು ಹರಿಯುವ ಕಂಡಿಗಳನ್ನು ಕೊರೆಯದೆ ಬರೀ ಗೀರಿ ಬಿಟ್ಟೆ. ಫೈಬರ್ ಬಂದ ಮೇಲೆ ತೆರೆದರಾಯಿತು. ಹೊಟ್ಟೆ ಎಲ್ಲಿ ಅತಿ ಅಗಲವೋ ಅಲ್ಲೇ ಉದ್ದಕ್ಕೂ ಪೆನ್ಸಿಲ್ ಗೆರೆ ಎಳೆದೆ. ಮೇಲೊಂದು ಹೋಳು, ಕೆಳಗೊಂದು ಹೋಳು. ಎಂಜಿನಿಯರಿಂಗ್ ಕಾಲೇಜಿಗೆ ಹೋದ ಮಗ ಹೇಳಲಾಗದ್ದನ್ನು ಸಕ್ಕರೆ ಗಿಳಿ ಹೇಳಿತು.

ಹಲಗೆಯಲ್ಲಿ ಹಡಗಿನ ಆಕಾರಕ್ಕೆ ಕಂಡಿ ಮಾಡಿ, ಆ ಗೆರೆಯವರೆಗೆ ಹೂತು, ಸುತ್ತ ಮಣ್ಣಿನ ಕಟ್ಟೆ ಕಟ್ಟಬೇಕು. ಗೌರಿ ಗಣೇಶನಿಗೆ ಆಗುವ ಕೆರೆಮಣ್ಣು ಇದಕ್ಕಾಗದೇ ಎಂದು ತಂದು ಕಟ್ಟಿದೆ. ಮಧ್ಯಾಹ್ನದೊಳಗೆ ಒಣಗಿ, ಸೀಳಿ, ಕೆರೆಯಂಗಳದ ಸಣ್ಣ ಮಾದರಿಯಂತಾಯಿತು. ಸ್ಟೇಷನರಿ ಅಂಗಡಿಗೆ ಹೋಗಿ ಮಕ್ಕಳಾಡುವ ಕ್ಲೇ ಹದಿನೈದು ಪ್ಯಾಕೆಟ್ ತಂದೆ. ಯುದ್ಧನೌಕೆ ಗುಲಾಬಿ, ಹಳದಿ, ಗಿಳಿಹಸಿರು ಕಟ್ಟೆಯ ನಡುವೆ ತೊಟ್ಟಿಲ ಕೂಸಿನಂತೆ ಮಲಗಿತು. ಎರಡು ಹೋಳು ಮುಂದೆ ಅದೇ ಜಾಗಕ್ಕೆ ಬಂದು ಕೂರಲೆಂದು ಕಟ್ಟೆಯ ಮೇಲೆ ಗೋಲಿ ಒತ್ತಿ ಗುಳಿ ಮಾಡಿದೆ. ಸಕ್ಕರೆಗಾದರೆ ಅಚ್ಚು ನೆನೆಸಿದರೆ ಸಾಕು, ಅಂಟುವುದಿಲ್ಲ. ಫೈಬರಿಗೆ ಮೇಣ ಬೇಕು. ಏಳು ಕೋಟು ಬಳಿದು ಏಳು ಸಲ ಒರೆಸಿದೆ. ಹಡಗಿನ ಮೈಯಲ್ಲಿ ನನ್ನ ಮುಖ ಕಾಣುತ್ತಿತ್ತು. ಅದೂ ಕೊಂಚ ಸವೆದಿತ್ತು.

ಅಚ್ಚಿನ ಮೊದಲ ಪದರವಾದ ಜೆಲ್‌ಕೋಟ್ ಬಳಿಯಬೇಕಿದ್ದ ಭಾನುವಾರ ಬೆಳಗ್ಗೆ ಆರಕ್ಕೇ ಫೋನು. ಪಾವಗಡ.

"ಭಾವಾ, ಬಿತ್ತು! ಹೊಸಾ ಬೋರು! ಎರಡಿಂಚು ನೀರು ಭಾವಾ, ಅಕ್ಕನಿಗೇಳಿ!"

ಅಕ್ಕನಿಗೆ ಹೇಳಿದೆ. ಇಬ್ಬರೂ ಅತ್ತುಬಿಟ್ಟರು, ಅವನು ಆ ಕಡೆ, ಇವಳು ಈ ಕಡೆ. ಆಮೇಲೆ ಫೋನು ನನ್ನ ಕೈಗೆ ಬಂತು.

"ಹಳೇ ಪೈಪೆಲ್ಲ ಎಳೆದು ಜೋಡಿಸ್ತಾ ಇದೀವಿ ಭಾವ. ತೊಟ್ಟಿ ಹತ್ರ ಮೂರಡಿ ಸಾಲ್ತಿಲ್ಲ. ಅವತ್ತು ಕುಯ್ಕೊಂಡು ಹೋದ್ರಲ್ಲ..."

ನಾನು ಮೇಣ ಮಿಂಚುವ ಹಡಗಿನ ಕಡೆ ನೋಡಿದೆ. ನನ್ನವಳು ನನ್ನ ಕಡೆ ನೋಡಿದಳು. ಹಾರ್ಡ್‌ವೇರ್ ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಂತೆ. ತುಂಡು ಕೊಡಲ್ಲ, ತಗೊಂಡರೆ ಇಪ್ಪತ್ತಡಿ ಪೂರ್ತಿ ಎಂದ. ತಗೊಂಡೆ. ಮೂರಡಿ ಕುಯ್ದು ಕಂಕುಳಲ್ಲಿಟ್ಟುಕೊಂಡು ಮಿಡಿಗೇಶಿ ಮೇಲೆ ಹೋಗುವ ಪಾವಗಡ ಬಸ್ಸು ಹತ್ತಿದೆ. ಕಂಡಕ್ಟರ್, "ಏನ್ ಸಾರ್ ಅದು?" ಎಂದ. ಅಭ್ಯಾಸಬಲದಿಂದ ಸಬ್‌ಮರೀನು ಎಂದೆ. ಅವನು ಮಾತಿಲ್ಲದೆ ಲಗೇಜ್ ಟಿಕೆಟ್ ಹರಿದ.

ಉಳಿದ ಹದಿನೇಳಡಿ ಈಗ ಮಹಡಿಯ ಮೇಲಿದೆ. ಮೊನ್ನೆ ಬಟ್ಟೆ ಒಣಗಹಾಕಲು ಹೋದವಳು ಅದನ್ನು ಗೇಣು ಹಾಕಿ ಅಳೆದು ಬಂದು, "ಇನ್ನೂ ಐದಾಗುತ್ತೆ" ಎಂದಳು. ಬೈದಳೋ, ಹೇಳಿದಳೋ, ಇವತ್ತಿನವರೆಗೂ ಕೇಳುವ ಧೈರ್ಯವಾಗಿಲ್ಲ.